ಡಿಎನ್‌ಎ ‘ನಕಲು’ ಆಗುತ್ತದೋ, ‘ಇಮ್ಮಡಿ’ ಆಗುತ್ತದೋ?

ಎಲ್ಲರಿಗೂ ನಮಸ್ಕಾರ. ಹೈಸ್ಕೂಲು ಮಕ್ಕಳಿಗೆ ಜೀವಕೋಶದ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. “ಜೀವಕೋಶ ಬೆಳೆಯುತ್ತದೆ, ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುತ್ತದೆ, ಆಮೇಲೆ ಎರಡಾಗುತ್ತದೆ” ಎಂಬ ವಾಕ್ಯ ಓದಲು ಸಲೀಸಾಗಿದೆ. ಆದರೆ ಆ ‘ನಕಲು’ ಇಲ್ಲಿಗೆ ಒಗ್ಗುತ್ತಿಲ್ಲ. ನೀವೆಲ್ಲ ಏನು ಬಳಸುತ್ತೀರಿ?

ಪರೀಕ್ಷೆಯಲ್ಲಿ ನಕಲು, ನಕಲಿ ನೋಟು ಎಂಬ ಕೆಟ್ಟ ಅರ್ಥದ ಬಗ್ಗೆ ನನ್ನ ತಕರಾರಿಲ್ಲ. ಸಂದರ್ಭ ನೋಡಿ ಓದುಗರು ಅದನ್ನು ಬದಿಗಿಡುತ್ತಾರೆ. ತೊಂದರೆ ಇರುವುದು ಬೇರೆ ಕಡೆ. ನಕಲು ಅಂದ ಕೂಡಲೇ ಅದರ ಬೆನ್ನಿಗೆ ‘ಅಸಲು’ ಬಂದು ನಿಲ್ಲುತ್ತದೆ. ಜೆರಾಕ್ಸ್ ಮಾಡಿಸಿದರೆ ಅಸಲು ಹಾಗೇ ವಾಪಸ್ ಕೈಗೆ ಬರುತ್ತದೆ, ನಕಲು ಬೇರೆಯಾಗಿ ಸಿಗುತ್ತದೆ. ಡಿಎನ್‌ಎ ವಿಷಯದಲ್ಲಿ ಹೀಗಾಗುವುದೇ ಇಲ್ಲ. ಹೆಣೆದುಕೊಂಡ ಎರಡು ಎಳೆಗಳು ಬಿಚ್ಚಿಕೊಳ್ಳುತ್ತವೆ, ಪ್ರತಿ ಹಳೇ ಎಳೆಯ ಎದುರು ಒಂದು ಹೊಸ ಎಳೆ ಕಟ್ಟಿಕೊಳ್ಳುತ್ತದೆ, ಡಿಎನ್‌ಎಯ ನಾಲ್ಕು ‘ಅಕ್ಷರ’ಗಳಲ್ಲಿ ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಕೊನೆಗೆ ಸಿಗುವ ಎರಡರಲ್ಲೂ ಅರ್ಧ ಹಳತು, ಅರ್ಧ ಹೊಸತು. ಇದರಲ್ಲಿ ಅಸಲು ಯಾವುದು ಅಂತ ಮಗು ಕೇಳಿದರೆ ಏನು ಹೇಳೋಣ?

1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ ಹೆಚ್ಚುಕಮ್ಮಿ ಇದೇ ಪ್ರಶ್ನೆಗೆ ಉತ್ತರ ಹುಡುಕಿತ್ತು. ಇ. ಕೋಲಿ ಬ್ಯಾಕ್ಟೀರಿಯಾವನ್ನು ಹಲವು ತಲೆಮಾರು ಭಾರದ ನೈಟ್ರೋಜನ್ ಕೊಟ್ಟು ಬೆಳೆಸಿದರು, ಅದರ ಡಿಎನ್‌ಎಯೂ ಭಾರವಾಯಿತು. ಆಮೇಲೆ ಮಾಮೂಲಿ ಹಗುರ ನೈಟ್ರೋಜನ್‌ಗೆ ಬದಲಾಯಿಸಿ, ಒಂದು ತಲೆಮಾರು ದಾಟಿದ ಮೇಲೆ ಡಿಎನ್‌ಎ ತೆಗೆದು, ಭಾರದ್ದು, ಹಗುರದ್ದು ಬೇರೆ ಬೇರೆ ಪಟ್ಟೆಯಾಗಿ ನಿಲ್ಲಲೆಂದು ಸೀಸಿಯಂ ಕ್ಲೋರೈಡ್ ಎಂಬ ಲವಣದ ದ್ರಾವಣದಲ್ಲಿ ಜೋರಾಗಿ ತಿರುಗಿಸಿದರು. ಅಸಲು ಅಸಲಾಗಿಯೇ ಉಳಿಯುವುದಾಗಿದ್ದರೆ ಭಾರದ್ದೊಂದು, ಹಗುರದ್ದೊಂದು, ಹೀಗೆ ಎರಡು ಪಟ್ಟೆ ಕಾಣಬೇಕಿತ್ತು. ಕಂಡದ್ದು ಒಂದೇ ಪಟ್ಟೆ, ಅದೂ ಎರಡರ ನಟ್ಟನಡುವೆ. ಇನ್ನೊಂದು ತಲೆಮಾರು ಕಳೆದಾಗ ಅರ್ಧ ನಡುವಿನದು, ಅರ್ಧ ಹಗುರದ್ದು. ಪೂರ್ತಿ ಭಾರದ ಡಿಎನ್‌ಎ ಮತ್ತೆ ಸಿಗಲಿಲ್ಲ. ಇಷ್ಟು ಚೆಂದದ ಸಂಗತಿಯನ್ನು ವಿವರಿಸಿ, ಮರುಸಾಲಿನಲ್ಲೇ ‘ನಕಲು’ ಅಂದರೆ ಹೇಳಿದ್ದೆಲ್ಲ ಅಳಿಸಿದ ಹಾಗೆ.

ಹಾಗಾದರೆ ಬೇರೆ ಏನಿದೆ? ‘ಪ್ರತಿ’ ಸ್ವಲ್ಪ ಮೆತ್ತಗಿದೆ, ಆದರೆ ‘ಮೂಲಪ್ರತಿ’ ಅದರ ಹಿಂದೆಯೇ ಇದೆ. ‘ಪ್ರತಿಕೃತಿ’ ಬೊಂಬೆ, ಮಾದರಿ ಕಡೆಗೆ ಎಳೆಯುತ್ತದೆ. ಸದ್ಯಕ್ಕೆ ನನಗೆ ಹಿಡಿಸಿರುವುದು ‘ಇಮ್ಮಡಿಯಾಗು’. ಒಂದಿದ್ದದ್ದು ಎರಡಾಯಿತು, ಯಾವುದು ಹಿರಿದು ಎಂಬ ಮಾತಿಲ್ಲ. ಆದರೆ ಅದು ಎಷ್ಟಾಯಿತು ಅನ್ನುವುದನ್ನಷ್ಟೇ ಹೇಳುತ್ತದೆ, ಅಕ್ಷರಗಳ ಸಾಲು ಹಾಗೇ ಉಳಿಯಿತು ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳುವ ಪದ ‘ಪಡಿಯಚ್ಚು’, ಎರಡೂ ಒಂದಕ್ಕೊಂದು ಪಡಿಯಚ್ಚು ಅನ್ನಬಹುದು. ಅದಕ್ಕೆ ಒಳ್ಳೆಯ ಕ್ರಿಯಾಪದ ಯಾರಾದರೂ ಕೇಳಿದ್ದೀರಾ? ‘ಪಡಿಯಚ್ಚಾಗು’ ಬಾಯಲ್ಲಿ ಸಲೀಸಾಗಿ ಬರುವುದಿಲ್ಲ.

ಇಮ್ಮಡಿಗೆ ಇನ್ನೊಂದು ಎಚ್ಚರಿಕೆ ಬೇಕು. ‘ಜೀವಕೋಶ ಇಮ್ಮಡಿಯಾಯಿತು’ ಅಂದರೆ ಗಾತ್ರವೋ, ಸಂಖ್ಯೆಯೋ? ಬೆಳೆಯುವುದು, ಡಿಎನ್‌ಎ ಇಮ್ಮಡಿಯಾಗುವುದು, ಎರಡಾಗುವುದು ಸಾಮಾನ್ಯವಾಗಿ ಒಟ್ಟಿಗೆ ಸಾಗಿದರೂ ಬೇರೆ ಬೇರೆ ಕೆಲಸಗಳು. ಭ್ರೂಣದ ಮೊದಮೊದಲ ವಿಭಜನೆಗಳಲ್ಲಿ ಕೋಶಗಳು ಬೆಳೆಯುವುದೇ ಇಲ್ಲ, ಪ್ರತಿ ಸಲವೂ ಚಿಕ್ಕದಾಗುತ್ತಾ ಹೋಗುತ್ತವೆ. ಯಕೃತ್ತಿನಲ್ಲಿ ಎರಡು ಕೇಂದ್ರಗಳಿರುವ (ಕೇಂದ್ರ ಅಂದರೆ ಡಿಎನ್‌ಎ ಇರುವ ನ್ಯೂಕ್ಲಿಯಸ್) ಕೋಶಗಳು ಸಿಗುತ್ತವೆ, ಅಂದರೆ ಕೇಂದ್ರ ಎರಡಾಗಿದೆ, ಕೋಶ ಒಂದೇ ಉಳಿದಿದೆ. ಹಾಗಾಗಿ ಏನು ಇಮ್ಮಡಿಯಾಯಿತು ಅಂತ ಪ್ರತಿ ಸಲ ಬಿಡಿಸಿ ಹೇಳಬೇಕು.

‘ಜೋಡಿ’ ಇದಕ್ಕಿಂತ ಜಾಸ್ತಿ ಕಾಡುತ್ತದೆ. ನಮ್ಮಲ್ಲಿ 23 ಜೋಡಿ ವರ್ಣತಂತುಗಳಿವೆ (ಡಿಎನ್‌ಎಯನ್ನು ಹೊತ್ತ ದಾರದಂಥ ರಚನೆಗಳು, ಕ್ರೋಮೋಸೋಮ್) ಅನ್ನುತ್ತೇವೆ, ಪ್ರತಿ ಜೋಡಿಯಲ್ಲಿ ಒಂದು ತಾಯಿಯದು, ಇನ್ನೊಂದು ತಂದೆಯದು. ಡಿಎನ್‌ಎ ಇಮ್ಮಡಿಯಾದ ಮೇಲೆ ಪ್ರತಿ ವರ್ಣತಂತುವಿನಲ್ಲೂ ಒಂದು ಕಡೆ ಕಚ್ಚಿಕೊಂಡ ಎರಡು ಎಳೆಗಳಿರುತ್ತವೆ (ಮೇಲೆ ಹೇಳಿದ ಡಿಎನ್‌ಎಯ ಒಂಟಿ ಎಳೆಯಲ್ಲ, ಇಲ್ಲಿ ಒಂದೊಂದು ಎಳೆಯಲ್ಲೂ ಪೂರ್ತಿ ಡಿಎನ್‌ಎ ಇದೆ), ಅದನ್ನೂ ‘ಜೋಡಿ’ ಅಂದುಬಿಡುತ್ತಾರೆ. ಮಗುವಿಗೆ ಗೊಂದಲವಾಗದೆ ಇರುತ್ತದಾ? ಡಿಎನ್‌ಎ ಎರಡರಷ್ಟಾದರೂ ವರ್ಣತಂತುಗಳ ಲೆಕ್ಕ 46ರಲ್ಲೇ ನಿಂತಿರುತ್ತದೆ. ಆ ಎಳೆಗಳು ಬಿಟ್ಟುಕೊಂಡು ಎರಡು ದಿಕ್ಕಿಗೆ ಸರಿದಾಗ ಮಾತ್ರ ಒಂದೊಂದನ್ನೂ ಬೇರೆಯಾಗಿ ಎಣಿಸುತ್ತಾರೆ. ತಾಯಿ–ತಂದೆಯದಕ್ಕೆ ‘ಜೋಡಿ’ ಇಟ್ಟುಕೊಂಡು, ಕಚ್ಚಿಕೊಂಡಿರುವುದಕ್ಕೆ ‘ಅವಳಿ ಎಳೆ’ ಅಂದರೆ ಹೇಗೆ? ಅವಳಿ ಅಂದಾಗ ಒಂದೇ ಥರ ಇರುವುದೂ ಬರುತ್ತದೆ, ಒಟ್ಟಿಗೆ ಹುಟ್ಟಿದ್ದೂ ಬರುತ್ತದೆ.

ಕೊನೆಯದು ‘ವಿಶ್ರಾಂತಿ ಹಂತ’. ಎರಡು ವಿಭಜನೆಗಳ ನಡುವಿನ ಅವಧಿಗೆ ದಯವಿಟ್ಟು ಇದು ಬೇಡ. ಸೂಕ್ಷ್ಮದರ್ಶಕದಲ್ಲಿ ಏನೂ ಕಾಣದಿದ್ದ ಕಾಲದ ಹೆಸರು ಅದು. 1953ರಲ್ಲಿ ಹೊವಾರ್ಡ್ ಮತ್ತು ಪೆಲ್ಕ್ ಎಂಬ ವಿಜ್ಞಾನಿಗಳು ಬೀನ್ಸ್ ಜಾತಿಯ ಗಿಡದ ಬೇರಿಗೆ ವಿಕಿರಣಶೀಲ ರಂಜಕ ಕೊಟ್ಟು, ಡಿಎನ್‌ಎ ತಯಾರಾಗುವುದು ಆ ಅವಧಿಯ ಒಂದು ಗೊತ್ತಾದ ಭಾಗದಲ್ಲಿ ಎಂದು ತೋರಿಸಿದರು. ಜಿ1, ಎಸ್, ಜಿ2 ಎಂಬ ಹೆಸರುಗಳು ಅಲ್ಲಿಂದ ಬಂದವು. ಎಸ್ ಅಂದರೆ ಸಿಂಥೆಸಿಸ್, ಡಿಎನ್‌ಎ ತಯಾರಾಗುವ ಭಾಗ; ಅದರ ಹಿಂದೆ ಮುಂದಿನವು ಜಿ1, ಜಿ2. ಆ ಜಿ ಅಂದರೆ ಗ್ಯಾಪ್ (ತೆರಪು), ಗ್ರೋತ್ (ಬೆಳವಣಿಗೆ) ಅಲ್ಲ. ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯರ ಕೋಶಕ್ಕೆ ಒಂದು ಸುತ್ತು ಮುಗಿಯಲು ಸುಮಾರು 24 ಗಂಟೆ ಬೇಕು, ಅದರಲ್ಲಿ ವಿಭಜನೆ ಸುಮಾರು ಒಂದೇ ಗಂಟೆ. ಮಿಕ್ಕಿದ್ದೆಲ್ಲ ವಿಶ್ರಾಂತಿ ಅಂದರೆ ಹೇಗೆ ಒಪ್ಪುವುದು? ಆ ಅವಧಿಯ ಇಂಗ್ಲಿಷ್ ಹೆಸರನ್ನೇ ಎತ್ತಿಕೊಂಡು ‘ಇಂಟರ್‌ಫೇಸ್’ (interphase) ಅಂತಲೇ ಬರೆಯೋಣ ಅಂದರೆ ಕಂಪ್ಯೂಟರಿನ ಇಂಟರ್‌ಫೇಸ್‌ಗೂ (interface) ನಮ್ಮ ಲಿಪಿಯಲ್ಲಿ ಅದೇ ಕಾಗುಣಿತ. ‘ನಡುಹಂತ’ ಅಂತ ಬರೆದಿದ್ದೇನೆ. ಪಾಠ ಮಾಡುವವರು ಯಾರಾದರೂ ಇದನ್ನು ತರಗತಿಯಲ್ಲಿ ಬಳಸಿದ್ದರೆ ಮಕ್ಕಳಿಗೆ ತಲುಪಿತಾ ಹೇಳಿ, ಇದಕ್ಕಿಂತ ಒಳ್ಳೆಯದು ಇದ್ದರೆ ಅದನ್ನೇ ಹಾಕುತ್ತೇನೆ.