ಅಪ್‌ಡೇಟ್: ನನ್ನ ಬೆನ್ನುನೋವು, ನಿಂತು ತೆಗೆಸಿದ ಎಕ್ಸ್‌ರೇ
ಮೂರು ವರ್ಷದ ಬೆನ್ನುನೋವಿಗೆ ಕೂರುವ ಭಂಗಿಯೇ ಕಾರಣವಾ ಅಂತ ಕೇಳಿದ್ದೆನಲ್ಲ. ಆಮೇಲೆ ಮಂಗಳೂರಿನಲ್ಲಿ ಡಾಕ್ಟ್ರು ನಿಲ್ಲಿಸಿ, ಪಕ್ಕದಿಂದ ಎಕ್ಸ್‌ರೇ ತೆಗೆಸಿದರು. ಪೆಲ್ವಿಕ್ ಇನ್ಸಿಡೆನ್ಸ್ ಅಂತ ಒಂದು ಕೋನ ಉಂಟು ಮಾರಾಯ್ರೆ, ಪೆಲ್ವಿಸ್ (ಬೆನ್ನುಮೂಳೆ ಕೂತಿರುವ ಕಟಿಯ ಎಲುಬು) ಯಾವ ಆಕಾರದ್ದು ಅಂತ ಹೇಳುವುದು. ಬೆಳವಣಿಗೆ ಮುಗಿದ ಮೇಲೆ ಅದು ಹೆಚ್ಚುಕಡಿಮೆ ಸ್ಥಿರ, ಭಂಗಿ ತಿದ್ದಿದರೆ ಬದಲಾಗುವುದಲ್ಲ. ನನ್ನದು 62 ಡಿಗ್ರಿ. ಸೊಂಟದ ಬಾಗು, ಅಂದರೆ ಕೆಳಬೆನ್ನು ಒಳಕ್ಕೆ ಬಾಗಿರುವ ಕೋನ, 44 ಮಾತ್ರ. ಇವೆರಡರ ಅಂತರ ಸಾಧಾರಣ 10ರೊಳಗಿದ್ದರೆ ಒಳ್ಳೆಯದಂತೆ, ನನಗೆ 18! ಬಾಗು ಸಾಲದ್ದಕ್ಕೆ ಪೆಲ್ವಿಸ್ ಹಿಂದಕ್ಕೆ ವಾಲಿ ಸರಿದೂಗಿಸುತ್ತದೆ, ಬೆನ್ನಿನ ಸ್ನಾಯುಗಳಿಗೆ ಹೆಚ್ಚು ಕೆಲಸ. ಆದರೂ ನೋವಿಗೆ ಇದೊಂದೇ ಕಾರಣ ಅನ್ನಲಾಗದು, ಇಂಥ ಎಕ್ಸ್‌ರೇ ಇದ್ದೂ ನೋವಿಲ್ಲದವರಿದ್ದಾರೆ ಅಂದರು. (ಅದು ಕೇಳಿ ಹೊಟ್ಟೆ ಉರಿಯಿತು.) ಆಪರೇಷನ್ ಬೇಡ, ಫಿಸಿಯೋ ಸಾಕಂತೆ. ಶುರುಮಾಡಿ ಆರು ವಾರವಾಯ್ತು. ಮಂಗಳೂರಿಂದ ಉಡುಪಿ ಎಕ್ಸ್‌ಪ್ರೆಸ್ ಬಸ್ಸಲ್ಲಿ ನಿಂತೇ ಹೋದರೆ ಮೊದಲು ಸುರತ್ಕಲ್‌ಗೇ ಹಿಡಿದುಕೊಳ್ಳುತ್ತಿತ್ತು, ಈಗ ಇನ್ನೂ ಮುಂದೆ ಪಡುಬಿದ್ರಿವರೆಗೆ ತಡೆಯುತ್ತದೆ.