ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಯಾವ ಕಾಲ್ (ಪ್ರಾಣಿಯ ಕೂಗು ಹೊರಡಿಸುವ ಸಾಧನ) ಕೊಳ್ಳಲಿ? ಅನುಭವವಿದ್ದವರು ಹೇಳಿ

ಡೆನ್ವರ್ ಹೊಸಬ: ಸೆಪ್ಟೆಂಬರಿನಲ್ಲಿ ಕೊಲೊರಾಡೋದಲ್ಲಿ ಮೊದಲ ಬಿಲ್ಲುಬೇಟೆ. ಬಾಯೊಳಗಿಡುವ ಡಯಾಫ್ರಮ್ ಬೇಕೇ ಬೇಕೋ, ಕೈಯಲ್ಲಿ ಹಿಡಿದು ಊದುವ ಓಪನ್ ರೀಡ್ ಸಾಕೋ? ಅಂಗುಳಿಗೆ ಏನು ತಾಗಿದರೂ ನನಗೆ ಓಕರಿಕೆ ಬರುತ್ತದೆ.

ಗನ್ನಿಸನ್ ಗೌಡ: ಡಯಾಫ್ರಮ್ಮೇ. ಬಿಲ್ಲು ಎಳೆದು ನಿಂತಾಗ ಎರಡು ಕೈಗೂ ಬಿಡುವಿಲ್ಲ. ನಡೆದುಹೋಗುವ ಗಂಡು ಎಲ್ಕನ್ನು ಒಂದು ಕ್ಷಣ ನಿಲ್ಲಿಸಲು ಬಾಯಿಯೊಂದೇ ಗತಿ. ಮೂರರ ಪೊಟ್ಟಣಕ್ಕೆ 25 ಡಾಲರ್ ಕೊಟ್ಟೆ, ಬೇಸಿಗೆಯಲ್ಲಿ ಅದರ ಲೇಟೆಕ್ಸ್ ಪೊರೆ, ಅಂದರೆ ರೀಡು, ಸುರುಟಿತು, ಮತ್ತೆ 25. ಗಂಡಿನ ಕೂಗು ಹೊರಡಿಸುವ ಬ್ಯೂಗಲ್ ಟ್ಯೂಬಿಗೆ 60, ಅದರ ಗವಸಿಗೆ ಬೇರೆ 15. ಈಗ ರೀಡುಗಳ ನಡುವೆ ಹಲ್ಲುಕಡ್ಡಿ ತೂರಿಸಿ ಫ್ರಿಜ್ಜಿನಲ್ಲಿ ಇಡುತ್ತೇನೆ, ಮೊಸರಿನ ಪಕ್ಕ. ಮನೆಯವರು ನನ್ನೊಡನೆ ಮಾತು ಬಿಟ್ಟಿದ್ದಾರೆ.

ಡಲ್ಲಾಸ್ ಬಿಲ್ಲುಗಾರ: ಬ್ಯೂಗಲ್ ಕೊಳ್ಳಲೇಬೇಡಿ. ಸರ್ಕಾರಿ ಕಾಡಿನಲ್ಲಿ ಅದನ್ನು ಊದಿದರೆ ಓಡಿಬರುವವನು ಇನ್ನೊಬ್ಬ ಬೇಟೆಗಾರ. ಹಿಂಡಿನ ಯಜಮಾನನಂತೂ ಹೆಣ್ಣುಗಳನ್ನು ಅಟ್ಟಿಕೊಂಡು ಮುಂದಿನ ಬೆಟ್ಟಕ್ಕೆ ಹೋಗುತ್ತಾನೆ. ಟ್ಯಾಗಿಗೆ, ಅಂದರೆ ಒಂದು ಪ್ರಾಣಿಯ ಬೇಟೆ ಪರವಾನಗಿಗೆ, 700 ಡಾಲರಿಗೂ ಮೇಲೆ, ಪೆಟ್ರೋಲಿಗೆ 310, ಹಿಂದಿರುಗುವಾಗ ಟೈರಿಗೆ 190 ಸುರಿದು ನಾನು ನೋಡಿದ್ದು ಇದನ್ನೇ. 2025ರಿಂದ ಐ-25 ಹೆದ್ದಾರಿಯ ಪಶ್ಚಿಮಕ್ಕೆ ನಮ್ಮಂಥ ಹೊರರಾಜ್ಯದ ಬಿಲ್ಲುಗಾರರಿಗೆ ಅಂಗಡಿಯಲ್ಲೇ ಸಿಗುತ್ತಿದ್ದ ಎಲ್ಕ್ ಟ್ಯಾಗೂ ನಿಂತಿತು. ಡ್ರಾದಲ್ಲಿ, ಅಂದರೆ ಲಾಟರಿಯಲ್ಲಿ, ಹೆಸರು ಬರಬೇಕು. ಒಳಗಿನವರು ಆರಾಮವಾಗಿದ್ದೀರಿ.

ಗನ್ನಿಸನ್ ಗೌಡ: ಆರಾಮವೇ? ಆರು ತಿಂಗಳು ಇಲ್ಲಿ ನೆಲೆಸಿ, ನಿಮಗೂ ಒಳಗಿನವರ ದರವೇ. ನಿಮ್ಮ ಎಲ್ಕ್ ಹೋದದ್ದು ಬ್ಯೂಗಲಿನಿಂದಲ್ಲ, ಗಾಳಿಯಿಂದ. ಬೆಳಗಿನ ತಂಪಿಗೆ ಗಾಳಿ ಕಣಿವೆಗೆ ಇಳಿಯುತ್ತದೆ, ಬಿಸಿಲೇರಿದರೆ ಮೇಲಕ್ಕೆ ತಿರುಗುತ್ತದೆ. ಮೇಲೆ ಕುಳಿತು ಮುಂಜಾನೆ ಊದಿದಿರೋ, ನಿಮ್ಮ ವಾಸನೆಯೇ ಮೊದಲು ತಲುಪುತ್ತದೆ.

ಡಲ್ಲಾಸ್ ಬಿಲ್ಲುಗಾರ: ನಾನು ಎಲ್ಲಿ ಕುಳಿತಿದ್ದೆ ಎಂದು ನಿಮಗೆ ಹೇಳಿದವರು ಯಾರು?

ಕೊಡಗಿನವಳು, ಮೊಂಟಾನಾ: ಇಬ್ಬರೂ ಬೇಟೆಗೆ ಒಂಟಿಯಾಗಿ ಹೋಗುವವರು ಎಂಬುದು ಗೊತ್ತಾಗುತ್ತದೆ. ನಮ್ಮಲ್ಲಿ ಬಿಲ್ಲು ಹಿಡಿಯುವವಳು ನಾನು, ಊದುವವರು ಯಜಮಾನರು, ಅರವತ್ತು ಗಜ ಹಿಂದೆ ಕುಳಿತು. ಗಂಡು ಸದ್ದನ್ನು ಹುಡುಕುತ್ತ, ಗಾಳಿಯ ಕೆಳಗಿಂದ ಸುತ್ತಿ, ಸೊಲ್ಲೆತ್ತದೆ ಬರುತ್ತದೆ. ಆ ದಾರಿಯಲ್ಲೇ ನಾನಿರುತ್ತೇನೆ. ಒತ್ತಿದರೆ ಹೆಣ್ಣಿನ ದನಿ ಬರುವ ರಬ್ಬರ್ ಕಾಲ್ 20 ಡಾಲರಿಗೆ ಸಿಕ್ಕಿತು, ಅದೇ ಸಾಕಾಯಿತು. ಮೊಬೈಲಿನಲ್ಲಿ ಕೂಗು ಹಾಕುವ ಯೋಚನೆ ಬೇಡ, ಕೊಲೊರಾಡೋದಲ್ಲೂ ಅದು ಕಾನೂನುಬಾಹಿರ.

ಶಿಕಾಗೋ ಸಸ್ಯಾಹಾರಿ: ಪ್ರಣಯದ ದನಿ ಹಾಕಿ ಕರೆದು ಕೊಲ್ಲುವುದಕ್ಕೆ ಇಷ್ಟು ಲೆಕ್ಕಾಚಾರವೇ? ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆ ಸುಮ್ಮನೆ ಬಂತೇ?

ಕೊಡಗಿನವಳು, ಮೊಂಟಾನಾ: ನಿಮ್ಮ ಪನೀರಿನ ಹಸುವಿನ ಗಂಡುಕರು ಎಲ್ಲಿ ಹೋಯಿತು, ಅದನ್ನು ಮೊದಲು ಹೇಳಿ.

ಗನ್ನಿಸನ್ ಗೌಡ: ಹೊಸಬರೇ, ಎಚ್-1ಬಿ ವೀಸಾದಲ್ಲಿದ್ದರೆ ಬಂದೂಕು ಮುಟ್ಟುವಂತಿಲ್ಲ, ಜೈಲು.

ಡಲ್ಲಾಸ್ ಬಿಲ್ಲುಗಾರ: ಮತ್ತೆ ಅರ್ಧ ಮಾತು! ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಅದೇ ಕಾನೂನಿನಲ್ಲಿ ವಿನಾಯಿತಿ ಇದೆ. ಅವರು ಕೇಳಿದ್ದಾದರೂ ಬಿಲ್ಲಿನ ವಿಷಯ, ಗೌಡರೇ.