ಒಂದೂವರೆ ಸ್ಪೀಡಿನ ಪ್ವಾರೋ

“ಪ್ವಾರೋ ಸೀರಿಯಲ್ ಮುಗಿಸಿಬಿಟ್ಟೆ ರಾಯರೇ, ಎಪ್ಪತ್ತೂ ಕಂತು!”

“ಭೇಷ್ ಕಿಟ್ಟಿ. ಎಷ್ಟರಲ್ಲಿ?”

“ಒಂದೂವರೆ.”

“ವರ್ಷವೇ?”

“ಸ್ಪೀಡು! ಈಗ ಯಾರು ಸಾರ್ ಒಂದರಲ್ಲಿ ನೋಡ್ತಾರೆ?”

ರಾಯರು ಲೋಟ ಕೆಳಗಿಟ್ಟರು. “ಅಗಾಥಾ ಕ್ರಿಸ್ಟಿಯ ಪತ್ತೇದಾರ, ನಟ ಡೇವಿಡ್ ಸೂಶೆ 1989ರಿಂದ 2013ರ ತನಕ ಹೊತ್ತ ಪಾತ್ರ ಕಣಯ್ಯಾ. ಆ ನಡಿಗೆ ಹೇಗೆ ಬಂತು ಗೊತ್ತಾ? ಪೃಷ್ಠಗಳ ನಡುವೆ ಪೆನ್ನಿ ನಾಣ್ಯ ಇಟ್ಟುಕೊಂಡು ತೋಟದಲ್ಲಿ ಅಭ್ಯಾಸ ಮಾಡಿದ.”

“ಯಾವುದರ ನಡುವೆ?” ಸೀನಣ್ಣ ಪೇಪರ್ ಮಡಚಿದ.

“ಕುಂಡಿ ಕಣೋ! ಹಿರಿಯ ನಟ ಲಾರೆನ್ಸ್ ಒಲಿವಿಯೇ ಹೇಳಿದ್ದ ಉಪಾಯ. ಬಿಗಿ ಹಿಡಿದರೆ ಹೆಜ್ಜೆ ತಾನಾಗೇ ಪುಟ್ಟದಾಗುತ್ತೆ, ಆತುರಪಟ್ಟರೆ ನಾಣ್ಯ ಬೀಳುತ್ತೆ. ಕಿಟ್ಟಿಯ ಸ್ಪೀಡಿಗೆ ಮೊದಲ ಕಂತಲ್ಲೇ ಠಣ್ ಅಂದಿರುತ್ತೆ.”

“ಚಿಲ್ಲರೆ ವಿಷಯ ಬಿಡಿ ಸಾರ್.”

“ಹೊಟ್ಟೆ ಅವನದ್ದೇನಾ?” ಸೀನಣ್ಣನಿಗೆ ಅದೇ ಚಿಂತೆ.

“ಮೆತ್ತೆ ಕಟ್ಟಿದ್ದು. ದನಿಯೂ ಅವನದ್ದಲ್ಲ. ಸೂಶೆಯದು ಎದೆಯಿಂದ ಬರೋ ದಪ್ಪ ದನಿ. ಬೆಲ್ಜಿಯಂ, ಫ್ರೆಂಚ್ ರೇಡಿಯೋ ಕೇಳಿ ಕೇಳಿ ಆ ದನಿಯನ್ನ ಎದೆಯಿಂದ ತಲೆಗೆ ಏರಿಸಿಕೊಂಡ.”

“ಈಗಿನ ಆಪ್‌ನಲ್ಲಿ ಸ್ಪೀಡ್ ಮಾಡಿದ್ರೂ ದನಿ ಕೀರಲಾಗಲ್ಲ.”

“ದನಿ ಉಳಿಸುತ್ತೆ, ಬಿಡುವು ನುಂಗುತ್ತೆ. ಕೊನೆಯಲ್ಲಿ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಮಾತು ಮಾತಿನ ನಡುವಿನ ಆ ಬಿಡುವಲ್ಲೇ ತಾನೇ ಕೊಲೆಗಾರನ ಬೆವರಿಳಿಸೋದು? ನಿನ್ನ ಕೊಲೆಗಾರನಿಗೆ ಬೆವರೋಕೂ ಪುರಸೊತ್ತಿಲ್ಲ!”

ರಾಯರು ಬಿಸಿಯಾಗಿದ್ದರು. “ಕ್ರಿಸ್ಟಿ ಕಥೆಗಳನ್ನೆಲ್ಲ ಓದಿ ಸೂಶೆ ಪ್ವಾರೋನ 93 ಗುಣಲಕ್ಷಣ ಪಟ್ಟಿ ಮಾಡಿಕೊಂಡಿದ್ದ. ಬೆಲ್ಜಿಯಂನವನು, ಫ್ರೆಂಚನಲ್ಲ ಅನ್ನೋದು ಒಂದು. ಟೀ ಕಾಫಿಗೆ ಸಕ್ಕರೆ ಉಂಡೆ ನಾಲ್ಕು, ಕೆಲವು ಸಲ ಮೂರು, ಅಪರೂಪಕ್ಕೆ ಐದು.”

“ಐದು! ಶುಗರ್ ಟೆಸ್ಟ್ ಮಾಡಿಸಿದ್ನಾ?”

“ಪಾತ್ರ ಕಣೋ ಸೀನ! ಅದಕ್ಕೂ ಮುಂಚೆ, 1985ರ ಒಂದು ಚಿತ್ರದಲ್ಲಿ, ಪೀಟರ್ ಉಸ್ತಿನೋವ್ ಪ್ವಾರೋ ಆದಾಗ ಇದೇ ಸೂಶೆ ಇನ್ಸ್‌ಪೆಕ್ಟರ್ ಜ್ಯಾಪ್. ಪ್ವಾರೋ ಎದುರು ದಡ್ಡನಾಗಿ ನಿಲ್ಲೋ ಕೆಲಸ.”

“ಅದನ್ನ ಎರಡರಲ್ಲಿ ನೋಡಬಹುದು,” ಎಂದ ಕಿಟ್ಟಿ. “ಅಂದಹಾಗೆ ಆ ಕೊನೆಯ ಕಂತು, ‘ಕರ್ಟನ್’, ಪ್ವಾರೋ ಸಾಯೋದು... ಪಟ್ ಅಂತ ಮುಗಿದುಹೋಯ್ತು.”

ರಾಯರ ದನಿ ಇಳಿಯಿತು. “ಸೂಶೆ ಅದನ್ನ ಮೊದಲೇ ಮುಗಿಸಿಕೊಂಡಿದ್ದ. ಕೊನೆಯ ಐದು ಚಿತ್ರಗಳಲ್ಲಿ ಸಾವಿನದೇ ಮೊದಲ ಶೂಟಿಂಗ್. ಪ್ರಸಾರ ಮಾತ್ರ ಕಡೆಗೆ, 2013ರ ನವೆಂಬರ್ 13ಕ್ಕೆ. ಕೊನೆಯ ದಿನದ ಕೆಲಸ ನಡೆದದ್ದು ಇಂಗ್ಲೆಂಡಿನ ಡೆವನ್‌ನಲ್ಲಿ, ಕ್ರಿಸ್ಟಿಯವರದೇ ಮನೆ ಗ್ರೀನ್‌ವೇಯಲ್ಲಿ, ಬೇರೆ ಕಥೆಗೆ. ಇಪ್ಪತ್ತೈದು ವರ್ಷ ಜೊತೆಗಿದ್ದವನನ್ನ ಸಾಯಿಸಿ ಮನೆಗೆ ಹೋಗೋಕೆ ಮನಸ್ಸಾಗಬೇಕಲ್ಲ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

“ಸರಿ, ‘ಕರ್ಟನ್’ ಇನ್ನೊಂದ್ಸಲ ನೋಡ್ತೀನಿ,” ಎಂದ ಕಿಟ್ಟಿ.

“ಹೇಗೆ?”

“ಒಂದೂಕಾಲಲ್ಲಿ. ಅದಕ್ಕಿಂತ ಇಳಿಯೋಕೆ ಆಗಲ್ಲ ಸಾರ್.”